ಒತ್ತಕ್ಷರದ ವಾಚನಬೋಧನೆ: ಒಂದು ಪರಾಮರ್ಶೆ

ಮೊದಲು ಅಕ್ಷರವೋ, ಮೊದಲು ಪದವೋ? ವಾಚನಬೋಧನೆಯನ್ನು ಕುರಿತ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಈ ಪ್ರಶ್ನೆಯಿಂದ ಹೊರಡುತ್ತದೆ. ಈ ವಿವಾದ ಪ್ರಬಲವಾಗಿ ಬೆಳೆದುದು ಇಂಗ್ಲಿಷಿನ ನೆಲದಲ್ಲಿ. 1955ರಲ್ಲಿ ರುಡಾಲ್ಫ್ ಫ್ಲೆಷ್ ಅವರು ಅಮೆರಿಕದ ಶಾಲೆಗಳ ಪದಪದ್ಧತಿಯನ್ನು ಉಗ್ರವಾಗಿ ಖಂಡಿಸಿದರು. 1967ರಲ್ಲಿ ಜೀನ್ ಚಾಲ್ ಅವರು ಅದುವರೆಗಿನ ಸಂಶೋಧನೆಗಳನ್ನು ತೂಗಿನೋಡಿ, ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಆರಂಭದಲ್ಲಿಯೇ ಕಲಿಸುವುದು ಲೇಸೆಂದರು. ಒಂದೇ ಅಕ್ಷರ ಹಲವು ಧ್ವನಿಗಳಿಗೆ ನಿಲ್ಲುವ ಭಾಷೆಯಲ್ಲಿ ಈ ವಾದಕ್ಕೆ ಬೆಲೆಯುಂಟು. ಆದರೆ ಅದನ್ನು ಇಡಿಯಾಗಿ ಕನ್ನಡಕ್ಕೆ ತಂದುಕೊಂಡರೆ ನಮ್ಮ ಮಗುವಿನ ನಿಜವಾದ ತೊಡಕು ಕಣ್ಣಿಗೆ ಬೀಳುವುದೇ ಇಲ್ಲ.

ಕನ್ನಡ ಬರೆದಂತೆ ಓದುವ ಭಾಷೆ, ಇಲ್ಲಿ ತೊಡಕೆಲ್ಲಿಯದು ಎಂದು ಕೇಳುವವರಿದ್ದಾರೆ. ವರ್ಣಮಾಲೆಯಲ್ಲಿ 49 ಅಕ್ಷರಗಳು. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ 442 ರೂಪಗಳು, ಒತ್ತಕ್ಷರಗಳು ಬೇರೆ. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡ ಮಕ್ಕಳ ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆಂದೂ, ಅಕ್ಷರವನ್ನು ಬಿಡಿಧ್ವನಿಗಳಾಗಿ ಒಡೆದು ಗ್ರಹಿಸುವ ಶಕ್ತಿ ನಿಧಾನವಾಗಿ ಮೂಡುತ್ತದೆಂದೂ ತೋರಿಸಿತು. ಒಂದನೆಯ ತರಗತಿಯ ಕೊನೆಗೇ ಮಗು ಓದಲಿಲ್ಲವೆಂದು ಚಡಪಡಿಸುವ ಉಪಾಧ್ಯಾಯರು ಇದನ್ನು ಗಮನಿಸಬೇಕು.

ಸಂಖ್ಯೆಗಿಂತ ಮಿಗಿಲಾದ ತೊಡಕು ಸ್ಥಾನದ್ದು. 'ರಸ್ತೆ' ಎಂಬ ಪದವನ್ನು ನೋಡೋಣ. ಎಕಾರದ ಚಿಹ್ನೆ ಕುಳಿತಿರುವುದು ಸಕಾರದ ತಲೆಯ ಮೇಲೆ; ಅದನ್ನು ಉಚ್ಚರಿಸಬೇಕಾದುದು ಕೆಳಗಿರುವ ತಕಾರದ ಅನಂತರ. ಕಾಗುಣಿತವನ್ನು ಚೆನ್ನಾಗಿ ಕಲಿತ ಮಗು ಇದನ್ನು 'ರಸೆತ' ಎಂದು ಓದಿದರೆ ಅದು ದಡ್ಡತನವಲ್ಲ. ನಾವೇ ಕಲಿಸಿದ ನಿಯಮಕ್ಕೆ ಅದು ತೋರಿದ ನಿಷ್ಠೆ. 'ಸ್ತ್ರೀ' ಎಂಬಲ್ಲಿ ಸ್ವರ ಎರಡು ವ್ಯಂಜನಗಳನ್ನು ದಾಟಬೇಕು. 'ಸೂರ್ಯ' ಎಂದು ಬರೆಯುವಾಗ ಮೊದಲು ಕೇಳುವ ರೇಫೆ ಯಕಾರದ ಹಿಂದೆ ಹೋಗಿ ನಿಲ್ಲುತ್ತದೆ. ಬರೆದಂತೆ ಓದುವುದೆಂಬ ಸೂತ್ರ ಇಲ್ಲೆಲ್ಲ ಮಗುವನ್ನು ದಾರಿತಪ್ಪಿಸುತ್ತದೆ. (ವಕಾರಕ್ಕೆ ಉಕಾರದ ಕೊಂಬನ್ನು ಎಂದಿನಂತೆ ಪಕ್ಕದಲ್ಲಿ ಹಚ್ಚಿದರೆ ಅದು ಮಕಾರವನ್ನು ಹೋಲುವುದೆಂಬುದನ್ನು ಎಷ್ಟು ಜನ ಉಪಾಧ್ಯಾಯರು ಬಾಯಿಬಿಟ್ಟು ಹೇಳಿಯಾರು?)

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯು ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿದುದು ಸ್ತುತ್ಯವಾದ ಸುಧಾರಣೆ. ಐದೇ ಅಕ್ಷರಗಳಿಂದ 'ಸರ', 'ಅರಸ', 'ಗರಗಸ' ಓದಬಲ್ಲ ಮಗುವಿಗೆ ಓದೆಂದರೆ ಅರ್ಥವೆಂಬುದು ಬೇಗ ತಿಳಿಯುತ್ತದೆ. ಆದರೂ ಆದಿಯ ಈ ಸೌಲಭ್ಯ ಒತ್ತಕ್ಷರದ ಗಂಟನ್ನು ತಾನಾಗಿ ಬಿಚ್ಚಲಾರದು. ಅದಕ್ಕೆ ಕಿವಿಯ ಶಿಕ್ಷಣವೇ ಬೇಕು. 'ಕತೆ–ಕತ್ತೆ', 'ಹಳಿ–ಹಳ್ಳಿ' ಎಂಬ ಜೋಡಿಗಳನ್ನು ಮೊದಲು ಆಡಿಸಿ, ಕೇಳಿಸಿ, ಬಳಿಕ ಬರೆದು ತೋರಿಸಬೇಕು, ಸಜಾತೀಯ ಒತ್ತುಗಳು ಗಟ್ಟಿಯಾದ ಮೇಲೆ ವಿಜಾತೀಯ, ಅರ್ಕಾವೊತ್ತು ಕಡೆಗೆ. 'ರಸ್ತೆ'ಯ ಎಕಾರ ಯಾರದೆಂದು ಮಗುವನ್ನೇ ಕೇಳಬೇಕು. ಸಿದ್ಧಾಂತ ತರಗತಿಗೆ ಇಳಿಯುವುದು ಇಂಥ ಪ್ರಶ್ನೆಯ ರೂಪದಲ್ಲಿ.

ಇನ್ನು ಕಾಗುಣಿತದ ಸಾಮೂಹಿಕ ಪಠನ. ಅದರ ಲಯ ನೆನಪಿಗೆ ಸಹಾಯಕವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಪರೀಕ್ಷಿಸುವವರು ಸಾಲನ್ನು ಬಿಟ್ಟು 'ಕೊ' ಒಂದನ್ನೇ ಹಲಗೆಯ ಮೇಲೆ ಬರೆಯಲಿ. ಕ, ಕಾ, ಕಿ, ಕೀ ಎಂದು ಗುನುಗುತ್ತ ಹನ್ನೊಂದನೆಯ ಮೆಟ್ಟಿಲಿಗೆ ಬಂದು ಉತ್ತರಿಸುವ ಮಗು ಎಣಿಸಿದೆಯೇ ಹೊರತು ಓದಿಲ್ಲ.