ಪರದೆಯ ಮೇಲಿನ 1200 ವೋಲ್ಟ್

1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ ಕಾಲಕ್ಕೆ ಹೈವೋಲ್ಟೇಜ್ ಎಂದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್. ಕೆಟ್ಟದ್ದು ಲೈನ್‌ಮನ್ ಕಣ್ಣಿಗೆ ಬೀಳುತ್ತಿತ್ತು. ಈಗ ಮೂಡಲಗಿ ಕಡೆಯ ಕಬ್ಬಿನ ಹೊಲದಲ್ಲಿ ಸೋಲಾರ್ ಪಂಪಿನ ಡ್ರೈವ್ ಸುಟ್ಟರೆ, ಅನಾಹುತ ನಡೆದದ್ದು ಐಜಿಬಿಟಿ ಎಂಬ ಉಗುರಿನಷ್ಟಗಲದ ಸ್ವಿಚ್ ಚಿಪ್ಪಿನೊಳಗೆ, ಕೆಲವೇ ಮೈಕ್ರಾನ್ ಜಾಗದಲ್ಲಿರಬಹುದು. ಅಲ್ಲಿಗೆ ಇಣುಕುವ ಕಿಂಡಿ ಟಿಕ್ಯಾಡ್, ಅಂದರೆ ಚಿಪ್ಪಿನೊಳಗಿನ ವಿದ್ಯುತ್ತಿನ ನಡೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ತೋರಿಸುವ ಸಿಮ್ಯುಲೇಶನ್. ಆ ಕಿಂಡಿಯನ್ನು ಮೆಚ್ಚುತ್ತೇನೆ. ಅದು ಹೇಳುವ ಅಂಕಿಯನ್ನು ಅಷ್ಟಾಗಿ ನಂಬಲಾರೆ.

ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುತ್ತದೆ. ಅಷ್ಟೇ ಇಳಿತ ನಾಲ್ಕು ಹರದಾರಿ ಹರಡಿಕೊಂಡಿದ್ದರೆ ನೋಡಲು ಯಾರು ಹೋಗುತ್ತಿದ್ದರು? ಚಿಪ್ಪನ್ನು ಒಡೆಯುವುದೂ ವೋಲ್ಟೇಜಿನ ಎತ್ತರಕ್ಕಿಂತ ಅದರ ಕಡಿದಾದ ಇಳಿಜಾರು. ಸಿಲಿಕಾನ್ ಮೈಕ್ರಾನಿಗೆ ಸುಮಾರು 30 ವೋಲ್ಟ್ ತಾಳೀತು. ಸಿಲಿಕಾನ್ ಕಾರ್ಬೈಡ್ ಅದರ ಎಂಟು-ಹತ್ತು ಪಟ್ಟು. ಎರಡು ಬಗೆಯ ಪದರಗಳು ಕೂಡುವ ಜಂಕ್ಷನ್ ಬಾಗುವ ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ದಟ್ಟೈಸುತ್ತದೆ. ಎಲ್ಲಿ ಎಂಬುದನ್ನು ಟಿಕ್ಯಾಡ್ ಚೆನ್ನಾಗಿ ತೋರಿಸುತ್ತದೆ. ಆ ದಟ್ಟಣೆ ತಗ್ಗಿಸಲು ಅಂಚಿನ ಸುತ್ತ ಹಾಕುವ ಗಾರ್ಡ್ ರಿಂಗುಗಳ ಅಂತರವನ್ನು ಒಂದೂ ವೇಫರ್ ಹಾಳುಮಾಡದೆ ತಿದ್ದಬಹುದು.

ಎಷ್ಟು ವೋಲ್ಟಿಗೆ ಒಡೆಯುತ್ತದೆ ಎಂದು ಕೇಳಿದಾಗ ತೊಡಕು ಶುರು. ಕ್ಷೇತ್ರ ತುಸು ಏರಿದರೂ ಡಿಕ್ಕಿಯಿಂದ ಹುಟ್ಟುವ ಎಲೆಕ್ಟ್ರಾನ್‌ಗಳು ಭರ್ರನೆ ಬೆಳೆಯುತ್ತವೆ. ಆ ಬೆಳವಣಿಗೆಯ ಗುಣಾಂಕ ಹಳೆಯದಿದ್ದರೆ, ಲೆಕ್ಕಕ್ಕೆಂದು ಚಿಪ್ಪನ್ನು ತುಂಡರಿಸುವ ಜಾಲ, ಅಂದರೆ ಮೆಶ್, ಒರಟಾಗಿದ್ದರೆ ಉತ್ತರವೇ ಜಾರುತ್ತದೆ. ಸಿಲಿಕಾನ್ ಕಾರ್ಬೈಡಿನಲ್ಲಂತೂ ಲೆಕ್ಕವೇ ಕೈಕೊಡುತ್ತದೆ. ಕೋಣೆಯ ತಾಪದಲ್ಲಿ ಶುದ್ಧ ಸಿಲಿಕಾನಿನ ಘನ ಸೆಂಟಿಮೀಟರಿಗೆ ಸುಮಾರು ಸಾವಿರ ಕೋಟಿ ವಿದ್ಯುತ್ ವಾಹಕ ಕಣಗಳು. ಸಿಲಿಕಾನ್ ಕಾರ್ಬೈಡಿನಲ್ಲಿ ಒಂದರ ನೂರು ಕೋಟಿ ಪಾಲುಗಳಲ್ಲಿ ಕೆಲವೇ ಪಾಲು. ದೊಡ್ಡ ಸಂಖ್ಯೆಗಳ ಜೊತೆ ಕೂಡಿ ಕಳೆಯುವಾಗ ಇಷ್ಟು ಪುಟ್ಟ ಸಂಖ್ಯೆ ಕಂಪ್ಯೂಟರಿನ ಮಾಮೂಲು 16 ಅಂಕೆಗಳ ಹಿಡಿತಕ್ಕೆ ಸಿಗದು. ಸೋರಿಕೆ ಕರೆಂಟ್ ಎಂದು ಗ್ರಾಫಿನಲ್ಲಿ ಕುಣಿಯುವುದು ಎಷ್ಟೋ ಸಲ ಬರೀ ಲೆಕ್ಕದ ಗದ್ದಲ.

ಹಾಗಿದ್ದೂ ಪ್ರಾಜೆಕ್ಟ್ ವರದಿಗಳಲ್ಲಿ ಬಣ್ಣಬಣ್ಣದ ಚಿತ್ರದಡಿ '1200 ವೋಲ್ಟ್' ಎಂದು ಬರೆದು ಕೈತೊಳೆದುಕೊಳ್ಳುವ ಚಾಳಿಯಿದೆ. ಮೆಶ್ ಎಷ್ಟು, ಯಾವ ಮಾಡೆಲ್, ಅಳತೆಯೊಡನೆ ತಾಳೆಯಾಯಿತೇ ಎಂಬ ಸುದ್ದಿಯಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಯಾಂಕ್ ಶ್ರೀವಾಸ್ತವ ಅವರ ತಂಡದ ಗ್ಯಾಲಿಯಂ ನೈಟ್ರೈಡ್ ಚಿಪ್ಪುಗಳ ಕುರಿತ ಕೆಲಸ ಬೇರೆ ಜಾತಿಯದು. ತಳದ ಬಫರ್ ಪದರದಲ್ಲಿ ಬೆರೆಸಿದ ಕಾರ್ಬನ್ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟು ಬ್ರೇಕ್‌ಡೌನನ್ನು, ಅಂದರೆ ಚಿಪ್ಪು ಒಡೆಯುವುದನ್ನು, ಹೇಗೆ ಮುಂದೂಡುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಸಿಮ್ಯುಲೇಶನ್ ಕಾರಣ ಹುಡುಕುವ ಸಾಧನವಾಗುತ್ತದೆ. ಅಂಕಿಗಿಂತ ಆ ಕಾರಣವೇ ನನಗೆ ಬೆಲೆಯುಳ್ಳದ್ದು.

ದುಬಾರಿ ಲೈಸೆನ್ಸಿನ ನೆಪ ಈಗ ನಡೆಯದು. ಡೆವ್‌ಸಿಮ್ ಎಂಬ ಟಿಕ್ಯಾಡ್ ತಂತ್ರಾಂಶ ಉಚಿತ, ಹೆಚ್ಚಿನ ಅಂಕೆಗಳ ಲೆಕ್ಕಕ್ಕೂ ಅದರಲ್ಲಿ ಅವಕಾಶವಿದೆ. ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ ತನ್ನ ಲ್ಯಾಪ್‌ಟಾಪಿನಲ್ಲೇ ಡಯೋಡೊಂದನ್ನು ಒಡೆದು ನೋಡಬಹುದು. ಅದೇ ಡಯೋಡಿಗೆ ನಿಜವಾಗಿ ಸಾವಿರ ವೋಲ್ಟ್ ಕೊಟ್ಟು ಅಳೆಯಲು ಮಾತ್ರ ಚಿಪ್ಪಿಗೆ ಸೂಜಿ ತಾಗಿಸಿ ಅಳೆಯುವ ಪ್ರೋಬ್ ಸ್ಟೇಷನ್ ಬೇಕು, ಅದು ಡೌನ್‌ಲೋಡ್ ಆಗುವಂಥದ್ದಲ್ಲ.