ಹಸುರುಹಾದಿಯ ಕಟ್ಟಡ: ಒಂದು ಔಚಿತ್ಯವಿಚಾರ

ದೇವಾಲಯದ ಶಿಲ್ಪವನ್ನೂ ಅರಮನೆಯ ವೈಭವವನ್ನೂ ಕುರಿತು ನಮ್ಮಲ್ಲಿ ಬರೆಹಗಳಿಗೆ ಕೊರತೆಯಿಲ್ಲ. ಪೊರಕೆ, ಗುದ್ದಲಿ, ಮಂಕರಿಗಳನ್ನು ಇಡುವ ಕಟ್ಟಡವನ್ನು ಕುರಿತು ವಿಮರ್ಶಕರು ಬಾಯಿಬಿಟ್ಟುದನ್ನು ನಾನು ಕಾಣೆ. ನಗರಗಳು ರಾಜಕಾಲುವೆಯ ದಡದಲ್ಲಿ, ಕೆರೆಯ ಏರಿಯ ಮೇಲೆ ಹಸುರುಹಾದಿಗಳನ್ನು ಮಾಡಹೊರಟಿರುವ ಈ ಕಾಲದಲ್ಲಿ ಅದೂ ವಿಮರ್ಶೆಗೆ ತಕ್ಕ ವಸ್ತುವೇ ಎಂದು ನನ್ನ ಭಾವನೆ.

ಬೆಂಗಳೂರಿನ ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರು ಕೆರೆಯತ್ತ ಸಾಗುವ ಕೆ-100 ಎಂಬ ರಾಜಕಾಲುವೆಯನ್ನು ಶುಚಿಮಾಡಿ, ಅದರ ಮಗ್ಗುಲಲ್ಲಿ ಜನ ನಡೆದಾಡಲು ಹಾದಿ ಮಾಡುವ ಕೆಲಸ 2021ರಲ್ಲಿ ನಡೆದಿತ್ತು. ಕೊರಿಯಾದ ಸೋಲ್ ನಗರದಲ್ಲಿ 2005ರಲ್ಲಿ ಮತ್ತೆ ಬೆಳಕು ಕಂಡ ತೊರೆಯೊಂದನ್ನು ಅದಕ್ಕೆ ಮಾದರಿಯಾಗಿ ತೋರಿಸುತ್ತಿದ್ದರು. ಯೋಜನೆ ಸುಂದರವಾದದ್ದು, ಸಂದೇಹವಿಲ್ಲ. ಆದರೆ ಇಂಥ ಹಾದಿ ತೆರೆದ ಮರುದಿನದಿಂದಲೇ ಹೂಳೆತ್ತಬೇಕು, ತರಗೆಲೆ ಗುಡಿಸಬೇಕು, ತೇಲಿಬಂದ ಕಸ ತೆಗೆಯಬೇಕು, ಗಿಡಕ್ಕೆ ನೀರು ಹಾಕಬೇಕು. ಆ ಕೆಲಸ ಮಾಡುವವರು ಬಟ್ಟೆ ಬದಲಿಸುವುದೆಲ್ಲಿ, ಬುತ್ತಿ ಬಿಚ್ಚುವುದೆಲ್ಲಿ? ಹೆಣ್ಣುಮಕ್ಕಳು ಶೌಚಕ್ಕೆ ಹೋಗುವುದೆಲ್ಲಿ? ಚಿತ್ರಪಟದಲ್ಲಿ ಮರ, ನೀರು, ನಡೆದಾಡುವವರು ಎಲ್ಲರೂ ಇರುತ್ತಾರೆ. ಗುಡಿಸುವವರು ಮಾತ್ರ ಇರುವುದಿಲ್ಲ.

ಈ ಕೊರತೆಯನ್ನು ಕಂಡೇ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2022ರ ಸುಮಾರಿಗೆ ಪೌರಕಾರ್ಮಿಕರಿಗಾಗಿ 'ಸುವಿಧಾ ಕ್ಯಾಬಿನ್' ಎಂಬ ಸಿದ್ಧ ಕೋಣೆಗಳನ್ನು ರಸ್ತೆಬದಿಯಲ್ಲಿ ಇರಿಸಲು ತೊಡಗಿತು. ಉದ್ದೇಶ ಶ್ಲಾಘ್ಯವಾದದ್ದು. ಆದರೂ ಕೆಲವೆಡೆ ಅವು ಬೀಗ ಹಾಕಿಕೊಂಡೇ ನಿಂತಿದ್ದುವೆಂದು ಪತ್ರಿಕೆಗಳಲ್ಲಿ ಓದಿದೆವು. ಇದರ ಕಾರಣವನ್ನು ಹೊರಗಿನ ಅಧಿಕಾರಿಯ ಅಲಕ್ಷ್ಯದಲ್ಲಿ ಮಾತ್ರ ಹುಡುಕಿದರೆ ಸಾಲದು. ಕಟ್ಟಡದ ಕಲ್ಪನೆಯಲ್ಲಿಯೂ ಹುಡುಕಬೇಕು. ಎಲ್ಲ ಬೀದಿಗೂ ಒಂದೇ ಅಚ್ಚಿನ ಪೆಟ್ಟಿಗೆ ಯಾವ ಬೀದಿಯದೂ ಆಗುವುದಿಲ್ಲ. ಆ ಬೀದಿಯವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲದಿರುವಾಗ, ಬೀಗ ಬಿದ್ದರೆ ಏಕೆಂದು ಕೇಳುವವರು ಯಾರು?

ಹಾಗಾದರೆ ಎಲ್ಲರಿಗೂ ಎಲ್ಲಕ್ಕೂ ಒದಗುವ ಕಟ್ಟಡವೊಂದನ್ನು ಕಟ್ಟಿಬಿಟ್ಟರಾಯಿತೆ? ಇಲ್ಲಿ ನಮ್ಮ ಕಾವ್ಯಮೀಮಾಂಸೆ ನೆರವಿಗೆ ಬರುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' 1953ರಲ್ಲಿ ಹೊರಬಂದ ಮೇಲೆ ಅಂಗಿರಸ, ಅಂಗರಸ, ಔಚಿತ್ಯಗಳೆಂಬ ಮಾತುಗಳು ಕನ್ನಡದ ವಿದ್ಯಾರ್ಥಿಗಳಿಗೆ ನಿತ್ಯದ ಮಾತುಗಳಾದವು. ಒಂದು ಕೃತಿಯಲ್ಲಿ ಹಲವು ರಸಗಳಿರಬಹುದು. ಪ್ರಧಾನವಾದುದು ಒಂದಿರಬೇಕು, ಮಿಕ್ಕವು ಅದಕ್ಕೆ ಪೋಷಕವಾಗಬೇಕು. ಹಸುರುಹಾದಿಯ ಕಟ್ಟಡದಲ್ಲಿ ಆರೈಕೆಯೇ ಅಂಗಿ. ಓದುವ ಜಗಲಿ, ನೆರಳು, ಕುಡಿಯುವ ನೀರು, ಸಭೆಯ ಜಾಗ, ಇವೆಲ್ಲ ಅಂಗಗಳು. ಬಾಡಿಗೆ ಬರುವುದೆಂದು ತಿಂಡಿ ಅಂಗಡಿ ಒಳಗೆ ಹಿಗ್ಗಿ, ಗುದ್ದಲಿ ಹೊರಗೆ ಬಿದ್ದರೆ ರಸಭಂಗವೇ ಸರಿ.

ಈ ಹೊಂದಾಣಿಕೆ ನಮಗೆ ಹೊಸದಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಹಳೆಯ ಮನೆಯನ್ನು ನೋಡಿ. ಅಟ್ಟದ ಮೇಲೆ ಬಲಿತ ಕಾಯಿ ಹೆಚ್ಚು ಕಡಮೆ ವರ್ಷಕಾಲ ಇರುತ್ತದೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟಕು ಸದ್ದು ಮಾಡುವವರೆಗೆ ಕಾಯಬೇಕು. ಉಂಡೆ ಕೊಬ್ಬರಿ ಆಗುವುದು ಹಾಗೆ. ಅಟ್ಟದ ಕೆಳಗೆ ಸಂಸಾರ, ಒಲೆ. ಮುಂದೆ ದಾರಿಹೋಕನೂ ಕೂರುವ ಜಗಲಿ. ಒಲೆಯ ಹೊಗೆ ಕಾಯಿಯನ್ನು ಕಾಪಾಡುತ್ತದೆ, ಕಾಯಿ ಸಂಸಾರವನ್ನು ಕಾಪಾಡುತ್ತದೆ. ಒಂದೇ ಸೂರಿನಡಿ ನಾಲ್ಕಾರು ಉಪಯೋಗಗಳಿದ್ದರೂ ಒಂದು ಇನ್ನೊಂದನ್ನು ಆಚೆಗೆ ತಳ್ಳುವುದಿಲ್ಲ. ಈ ಮನೆಯನ್ನು ಹೀಗೆ ರೂಪಿಸಿದವರು ಅದರಲ್ಲಿ ದುಡಿದವರೇ.

ಆರೈಕೆಯನ್ನು ನಿರ್ಮಾಣದ ಭಾಗವೆಂದೇ ಎಣಿಸುವ ವಿವೇಕವೂ ನಮ್ಮ ಹಿಂದಿನವರಿಗಿತ್ತು. ಕೆರೆ ಕಟ್ಟಿಸಿದವರ ಹೆಸರಿನೊಡನೆ, ಅದನ್ನು ಉಳಿಸಿಕೊಂಡು ಬರುವುದಕ್ಕಾಗಿ ಬಿಟ್ಟ ಭೂಮಿಯ ಮಾತೂ ನಮ್ಮ ಶಾಸನಗಳಲ್ಲಿ ಬರುತ್ತದೆ; ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಹೆಸರುಗಳು ಶಾಸನಾಭ್ಯಾಸಿಗಳಿಗೆ ಪರಿಚಿತ. ಹೂಳು ಸಾಗಿಸುವ ಬಂಡಿಗೂ ದತ್ತಿಯಿರುತ್ತಿತ್ತು. ಇದನ್ನು ಮರೆತರೆ ಎಂಥ ಕಟ್ಟಡವೂ ಉಳಿಯದು. ಲಾಲ್‌ಬಾಗಿನಲ್ಲಿ ತೋಟಗಾರಿಕೆಯ ಉಪನ್ಯಾಸಗಳು ನಡೆಯುತ್ತಿದ್ದ, ಹತ್ತೊಂಬತ್ತನೆಯ ಶತಮಾನದ ಕ್ರುಂಬಿಗಲ್ ಸಭಾಂಗಣ 2017ರಲ್ಲಿ ಕುಸಿದುಬಿತ್ತು. ಆಮೇಲೆ ಮತ್ತೆ ಕಟ್ಟಬೇಕಾಯಿತು.

ಹಸುರಿನ ನಡುವೆ ಕಟ್ಟಡವೇ ಬೇಡವೆಂಬ ವಾದವೊಂದುಂಟು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉದ್ಯಾನಗಳ ರಕ್ಷಣೆಗೆ 1975ರಲ್ಲಿ ಕಾನೂನೇ ಬೇಕಾಯಿತೆಂದರೆ ಕಟ್ಟುವವರ ಹಸಿವು ಎಷ್ಟೆಂದು ತಿಳಿಯಬಹುದು. ಆದ್ದರಿಂದ ಕಟ್ಟಡ ಕಿರಿದಾಗಿರಲಿ, ಹಾದಿಯ ಅಂಚಿನಲ್ಲಿರಲಿ, ಒಂದು ಮರವನ್ನೂ ಬಲಿ ಕೇಳದಿರಲಿ. ಆದರೆ ಅದು ಇಲ್ಲವೇ ಇಲ್ಲವೆಂದಾದರೆ, ನಮ್ಮ ಹಸುರಿನ ಸುಖಕ್ಕೆ ಗುಡಿಸುವಾಕೆ ಬೆಲೆ ತೆತ್ತಂತಾಗುತ್ತದೆ.

ಜನರನ್ನು ಕೇಳಿ ಕಟ್ಟಬೇಕೆಂದು ಈಗ ಎಲ್ಲರೂ ಹೇಳುತ್ತಾರೆ. ಕೇಳುವ ಕ್ರಮ ಮುಖ್ಯ. ಸಂಜೆ ಸಭೆ ಕರೆದು 'ನಿಮಗೇನು ಬೇಕು?' ಎಂದರೆ ಮಾತು ಬಲ್ಲವರು ಮಾತಾಡುತ್ತಾರೆ. ಗುಡಿಸುವವರು ಆ ಹೊತ್ತಿಗೆ ಮನೆ ಸೇರಿರುತ್ತಾರೆ. ಬೆಳಗಿನ ಜಾವ ಹಾದಿಗೇ ಹೋಗಿ, 'ಈಗ ಪೊರಕೆ ಎಲ್ಲಿಡುತ್ತೀರಮ್ಮ? ಮಳೆ ಬಂದರೆ ಎಲ್ಲಿ ನಿಲ್ಲುತ್ತೀರಿ?' ಎಂದು ಕೇಳಬೇಕು. ಆ ಉತ್ತರಗಳಿಂದಲೇ ನಕ್ಷೆ ಮೂಡಬೇಕು: ತಳ್ಳುಗಾಡಿ ಸಲೀಸಾಗಿ ನುಗ್ಗುವ ಬಾಗಿಲು, ಒಳಗಿನಿಂದ ಅಗುಳಿಯಿರುವ ಹೆಂಗಸರ ಕೋಣೆ, ಕೈಕಾಲು ತೊಳೆಯುವ ನಲ್ಲಿ, ಸೂರಿನ ಮಳೆನೀರು ಸೇರುವ ಸಸಿಮಡಿ. ಹಾದಿಯ ಕಡೆಗೆ ಮಾತ್ರ ಎಲ್ಲರ ಜಗಲಿ.

ನಮ್ಮ ಸೀಮೆಯ ಊರುಗಳು ಕೆರೆಯ ಏರಿಯ ಮೇಲೆ ಇಂಥ ಹಾದಿ ಮಾಡಹೊರಟಾಗ ನಾಗರಿಕರು ಮೊದಲು ಕೇಳಬೇಕಾದುದು ಕಟ್ಟಡದ ಅಂದವನ್ನಲ್ಲ. ಅದರ ಬೀಗದ ಕೈ ಯಾರ ಸೆರಗಿನಲ್ಲಿರುತ್ತದೆ ಎಂಬುದನ್ನು. ಅದಕ್ಕೆ ಸರಿಯಾದ ಉತ್ತರ ದೊರೆತ ಮೇಲೆ ಅಂದದ ಮಾತನ್ನು ನೆಮ್ಮದಿಯಾಗಿ ಆಡಬಹುದು.