ಅಕ್ಕನ ವಚನದ ಸೊಸೆ

ಅತ್ತೆಯಲ್ಲಿ ಮಾಯೆಯನ್ನೂ ಮಾವನಲ್ಲಿ ಸಂಸಾರವನ್ನೂ ಕಾಣುತ್ತ ಆರಂಭವಾಗುವ ಅಕ್ಕಮಹಾದೇವಿಯ ವಚನವು ಶರಣಸಾಹಿತ್ಯದ ಅಭ್ಯಾಸಿಗಳಿಗೆಲ್ಲ ಸುಪರಿಚಿತವಾದುದು. ಹುಲಿಗಳಂತಹ ಮೂವರು ಮೈದುನರು, ಅವರ ಹಿಂದೆ ನಾಲ್ಕು, ಐದು, ಆರರ ಲೆಕ್ಕದಲ್ಲಿ ಮನೆಯ ಹೆಣ್ಣುಗಂಡುಗಳು, ಕಡೆಗೆ ಕಾವಲಿಗೆ ಏಳು ಮಂದಿ ತೊತ್ತಿರು. ವ್ಯಾಖ್ಯಾನಕಾರರು ಈ ಸಂಖ್ಯೆಗಳ ಬೆನ್ನು ಹತ್ತಿ, ಮೂರೆಂದರೆ ತ್ರಿಗುಣ, ನಾಲ್ಕೆಂದರೆ ಅಂತಃಕರಣಚತುಷ್ಟಯ, ಐದೆಂದರೆ ಪಂಚೇಂದ್ರಿಯ, ಆರೆಂದರೆ ಅರಿಷಡ್ವರ್ಗ ಎಂದು ಮುಂತಾಗಿ ಅರ್ಥ ಹೇಳಿ ವಿರಮಿಸುವುದು ವಾಡಿಕೆ. ಪರೀಕ್ಷೆಗೆ ಕೂಡುವ ವಿದ್ಯಾರ್ಥಿಗೆ ಇಷ್ಟು ಸಾಕು. ಆದರೆ ಇಂದ್ರಿಯಗಳನ್ನು ಎಣಿಸುವುದಷ್ಟೇ ಅಕ್ಕನ ಉದ್ದೇಶವಾಗಿದ್ದರೆ ಅದಕ್ಕೊಂದು ಅತ್ತೆಯ ಮನೆಯೇ ಏಕೆ ಬೇಕಾಯಿತು?

ಈ ಮನೆಯಲ್ಲಿ ಇತರರೆಲ್ಲ ಗುಂಪುಗುಂಪಾಗಿ ಬರುತ್ತಾರೆ, ಸೊಸೆ ಒಬ್ಬಳೇ. ಸಂಬಂಧಗಳೆಲ್ಲವೂ ಗಂಡನ ಕಡೆಯಿಂದ ಹೊರಟು ಅವಳನ್ನು ಸುತ್ತುಗಟ್ಟುತ್ತವೆ. ಲೆಕ್ಕ ಏರಿದಂತೆಲ್ಲ ಬೇಲಿ ಬಿಗಿಯಾಗುತ್ತದೆ. ಜೀವದ ಬಂಧನವನ್ನು ಸೆರೆಮನೆಗೂ ಹೋಲಿಸಬಹುದಿತ್ತು. ಸೆರೆಮನೆಯನ್ನು ಕಂಡವರು ಕೆಲವರು. ಸೊಸೆಯ ಬಾಳನ್ನು ಕಾಣದ ಮನೆಯುಂಟೆ? ಅಕ್ಕ ಕೌಶಿಕನನ್ನು ವರಿಸಿದಳೆಂದು ಹರಿಹರನೂ, ವಿವಾಹವೇ ನಡೆಯಲಿಲ್ಲವೆಂದು ಚಾಮರಸನೂ ಹೇಳುತ್ತಾರೆ. ಆ ಚರ್ಚೆಗೆ ಈ ವಚನವನ್ನು ಸಾಕ್ಷಿಗೆ ಎಳೆಯುವುದು ಉಚಿತವಲ್ಲ. ಇಲ್ಲಿರುವುದು ಅರಸನ ಅಂತಃಪುರಕ್ಕಿಂತ ಹೆಚ್ಚಾಗಿ ತುಂಬಿದ ಅವಿಭಕ್ತ ಕುಟುಂಬ.

ಸೊಸೆಯಂದಿರಿಗೆ ತಾಳ್ಮೆಯನ್ನು ಬೋಧಿಸಲು ಕೆಲವು ಪ್ರವಚನಕಾರರು ಈ ವಚನವನ್ನು ಬಳಸುವುದುಂಟು. ಅದಕ್ಕೆ ಬೇಕಾದ ಆಧಾರ ಇದರಲ್ಲಿಲ್ಲ. ಈ ಸೊಸೆ ತಾಳಿಕೊಳ್ಳುವವಳಲ್ಲ. ಕರ್ಮವೆಂಬ ಗಂಡನ ಬಾಯಿಗೆ ಬಡಿದು, ಹರನೊಡನೆ ಹಾದರಕ್ಕೆ ಹೊರಡುತ್ತಾಳೆ. ಈ ಪದದ ಬಳಿ ಬಂದಾಗ ನಮ್ಮ ಪಂಡಿತರು ದನಿ ತಗ್ಗಿಸಿ, ಶರಣಸತಿ-ಲಿಂಗಪತಿ ಭಾವವೆಂದು ಹೇಳಿ ಮುಂದೆ ಸಾಗುತ್ತಾರೆ. ಅಕ್ಕನಿಗೆ ಆ ಸಂಕೋಚವಿರಲಿಲ್ಲ. ಚೆನ್ನಮಲ್ಲಿಕಾರ್ಜುನನನ್ನು ಸಜ್ಜನ ಗಂಡನೆಂದು ವರಿಸುವ ಮಾತು ಬರುವುದು ಆ ಮನೆಯನ್ನು ಮುರಿದ ಮೇಲೆ. ಈ ಕ್ರಮವನ್ನು ಮರೆತು ಪಾತಿವ್ರತ್ಯವನ್ನಷ್ಟೇ ಎತ್ತಿ ಹೇಳಿದರೆ ವಚನ ಅರ್ಧವಾಗುತ್ತದೆ.

ಅವಳು ಇದನ್ನು ಯಾರಿಗೆ ಹೇಳುತ್ತಿದ್ದಾಳೆ ಎಂಬುದೂ ವಿಚಾರಣೀಯ. ಕೆಳದಿಯನ್ನು ಕರೆಯುತ್ತಾಳೆ, ತಾಯಿಯನ್ನು ಕರೆಯುತ್ತಾಳೆ. ಕೊಟ್ಟ ಮನೆಯಲ್ಲಿ ಕೇಳುವ ಕಿವಿಯಿಲ್ಲ. ಈ ಸಂದರ್ಭದಲ್ಲಿ 'ಕೆರೆಗೆ ಹಾರ'ವೆಂಬ ಜನಪದ ಕಥನಗೀತೆ ಸಹಜವಾಗಿ ನೆನಪಾಗುತ್ತದೆ. ಕೆರೆಗೆ ನೀರು ಬಾರದಿದ್ದಾಗ ಹಿರಿಯ ಸೊಸೆ ಮನೆಯ ಹಿರಿತನಕ್ಕೆ ಬೇಕೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೆ ಗೊತ್ತುಮಾಡುತ್ತಾರೆ. ಗಂಡ ದಂಡಿನಲ್ಲಿದ್ದಾನೆ. ತವರಿಗೆ ಹೋದವಳು ಅಪ್ಪನೆದುರು ನಿಜವನ್ನು ನುಡಿಯಲಾರದೆ, ಅತ್ತೆಮಾವ ಬೇರೆ ಇಡುತ್ತಾರಂತೆ ಎಂದು ಮರೆಸುತ್ತಾಳೆ. ಅಪ್ಪ ಹೊಲಮನೆ ಕೊಡುವ ಮಾತಾಡುತ್ತಾನೆ. ನಿಜ ಹೊರಬೀಳುವುದು ಗೆಳತಿಯ ಮುಂದೆ ಮಾತ್ರ. ಆ ಗೆಳತಿ ಹೇಳುವುದಾದರೂ ಏನು? ಇಟ್ಟ ಹಾಗೆ ಇರಬೇಕೆಂದು! ಭಾಗೀರಥಿ ಕೆರೆಗೆ ಹಾರವಾಗುತ್ತಾಳೆ. ಅಕ್ಕನ ಸೊಸೆಗೆ ಅನುಭಾವವನ್ನು ದೊರಕಿಸುವ ಸಖಿ ಅವಳ ಮನಸ್ಸೇ. ಇಬ್ಬರ ಗತಿಯನ್ನು ಬೇರ್ಪಡಿಸಿದುದು ಈ ಇಬ್ಬರು ಗೆಳತಿಯರ ನಡುವಣ ಅಂತರವೆಂದು ನನಗೆ ತೋರುತ್ತದೆ. ಗೀತೆಯನ್ನು ತ್ಯಾಗದ ಆದರ್ಶವೆಂದು ಪಾಠ ಹೇಳುವವರು ಇದನ್ನು ಲಕ್ಷಿಸಬೇಕು.

ಇನ್ನೊಂದು ಸಂದೇಹ ಉಳಿಯುತ್ತದೆ. ಹೆಣ್ಣು ಮಾಯೆಯಲ್ಲ, ಮನದ ಮುಂದಣ ಆಸೆಯೇ ಮಾಯೆಯೆಂಬುದು ಅಲ್ಲಮಪ್ರಭುವಿನ ನಿಲುವು. ಹಾಗಿರುವಾಗ ಅಕ್ಕ ಒಬ್ಬ ಹೆಣ್ಣನ್ನೇ ಮಾಯೆಯಾಗಿಸಿದಳಲ್ಲ! ಮಾಯೆಯಾದುದು ವ್ಯಕ್ತಿಯಲ್ಲ, ಅತ್ತೆಯೆಂಬ ಪದವಿ ಎಂದು ಸಮಾಧಾನ ಹೇಳಬಹುದು. ಆದರೂ ಆ ಅತ್ತೆ ಒಂದು ಕಾಲಕ್ಕೆ ಇದೇ ಹೊಸ್ತಿಲನ್ನು ಸೊಸೆಯಾಗಿ ದಾಟಿ ಬಂದವಳು. ಅವಳಿಗೂ ಒಬ್ಬ ಅತ್ತೆಯಿದ್ದಳು. ಅವಳ ಮಾತು ಮಾತ್ರ ವಚನದಲ್ಲಿ ಎಲ್ಲಿಯೂ ಕೇಳಿಬರುವುದಿಲ್ಲ.